ಲಿನಕ್ಸ್ ಹಾಕಿದರೆ ಲ್ಯಾಪ್‌ಟಾಪ್‌ನ ವೈ-ಫೈ ಕಾರ್ಡ್ ಕೆಟ್ಟುಹೋಗುತ್ತದೆಯೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಗ್ಗದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕದೆ ಉಬುಂಟು, ಲಿನಕ್ಸ್ ಮಿಂಟ್‌ನಂತಹ ಮುಕ್ತ ತಂತ್ರಾಂಶ ಹಾಕಿಕೊಂಡು ಬಳಸುವುದು ಒಳ್ಳೆಯ ದಾರಿ. ಆದರೆ ಹಾಕಿದ ದಿನವೇ ವೈ-ಫೈ ಮಾಯವಾದರೆ? 'ಲಿನಕ್ಸ್ ಹಾಕಿದ್ದಕ್ಕೇ ಕಾರ್ಡ್ ಹೋಯಿತು' ಎಂದು ಯಾರೋ ಹೇಳುತ್ತಾರೆ, ಹೊಸ ಕಾರ್ಡಿಗೆ ದುಡ್ಡು ಖರ್ಚಾಗುತ್ತದೆ. ಬಹಳಷ್ಟು ಸಲ ಈ ಖರ್ಚು ಬೇಕೇ ಇರುವುದಿಲ್ಲ. ಏಕೆ ಎಂದು ನೋಡೋಣ.

ಕಾರ್ಡ್ ಕೆಲಸ ಮಾಡಲು ಏನೇನು ಬೇಕು?

ವೈ-ಫೈ ಕಾರ್ಡ್ ಒಂದಿದ್ದರೆ ಸಾಲದು. ಅದಕ್ಕೆ ಏನು ಮಾಡಬೇಕೆಂದು ಹೇಳಲು ಕರ್ನೆಲ್‌ನಲ್ಲಿ ಒಂದು ಡ್ರೈವರ್ ಬೇಕು. ಕಾರ್ಡಿನೊಳಗೇ ಒಂದು ಪುಟ್ಟ ಸಂಸ್ಕಾರಕ ಇರುತ್ತದೆ. ಅದು ನಡೆಸಬೇಕಾದ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಹೆಚ್ಚಿನ ವೈ-ಫೈ ಕಾರ್ಡ್‌ಗಳು ಲ್ಯಾಪ್‌ಟಾಪ್ ಪ್ರತಿಸಲ ಶುರುವಾದಾಗಲೂ ಈ ಫರ್ಮ್‌ವೇರನ್ನು ಡ್ರೈವರ್‌ನಿಂದ ಪಡೆಯುತ್ತವೆ.

ತೊಡಕು ಇರುವುದು ಇಲ್ಲೇ. ಲಿನಕ್ಸ್ ಡ್ರೈವರ್‌ಗಳು ಬಹುಪಾಲು ಮುಕ್ತವಾಗಿದ್ದರೂ ಫರ್ಮ್‌ವೇರ್ ಸಾಮಾನ್ಯವಾಗಿ ತಯಾರಕರ ಮುಚ್ಚಿದ ತಂತ್ರಾಂಶ. ಅದನ್ನು ಜೊತೆಗೆ ಕೊಡಬೇಕೇ ಬೇಡವೇ ಎಂಬುದು ಮುಕ್ತ ತಂತ್ರಾಂಶದವರಲ್ಲಿ ಹಳೆಯ ಚರ್ಚೆ. ಡೆಬಿಯನ್ ಬಳಗ 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ತನ್ನ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಇಂತಹ ಫರ್ಮ್‌ವೇರ್ ಸೇರಿಸಿತು. ಹಾಗಾಗಿ 'ಕಾರ್ಡ್ ಸತ್ತಿದೆ' ಎನ್ನುವ ಎಷ್ಟೋ ಪ್ರಕರಣಗಳಲ್ಲಿ ಕಾಣೆಯಾಗಿರುವುದು ಒಂದು ಕಡತ ಮಾತ್ರ.

ಲಿನಕ್ಸ್‌ನಿಂದ ಹಾರ್ಡ್‌ವೇರ್ ಕೆಡುವುದೇ ಇಲ್ಲವೇ?

ತೀರಾ ಅಪರೂಪಕ್ಕೆ ಕೆಟ್ಟದ್ದುಂಟು. 2008ರಲ್ಲಿ ಕರ್ನೆಲ್ 2.6.27ರ ಪರೀಕ್ಷಾ ಆವೃತ್ತಿಗಳು ಇಂಟೆಲ್‌ನ ಕೆಲವು ಎತರ್ನೆಟ್ ಚಿಪ್‌ಗಳಲ್ಲಿದ್ದ ಶಾಶ್ವತ ಮಾಹಿತಿಯನ್ನೇ ಕೆಡಿಸಿದ್ದವು. ಅದೇ ವರ್ಷ ಕಾರಣ ಪತ್ತೆಯಾಗಿ ಸರಿಹೋಯಿತು. 2013ರ ಆರಂಭದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಲಿನಕ್ಸ್ ಶುರುಮಾಡಿದ ಮೇಲೆ ಮತ್ತೆ ಏಳಲೇ ಇಲ್ಲ. ದೂರು ಮೊದಲು ಲಿನಕ್ಸ್ ಡ್ರೈವರ್ ಮೇಲೆ ಬಂತು. ಆದರೆ ವಿಂಡೋಸ್‌ನಿಂದಲೂ ಆ ಯಂತ್ರ ಹಾಗೆಯೇ ಕೆಡಬಲ್ಲದು ಎಂದು ಮ್ಯಾಥ್ಯೂ ಗ್ಯಾರೆಟ್ ತೋರಿಸಿದರು. ದೋಷ ಲ್ಯಾಪ್‌ಟಾಪ್‌ನ ಸ್ವಂತ ಫರ್ಮ್‌ವೇರ್‌ನಲ್ಲಿತ್ತು. ಇವು ಇಷ್ಟು ಸುದ್ದಿಯಾದದ್ದೇ ಅಪರೂಪ ಎಂಬ ಕಾರಣಕ್ಕೆ.

ನಾಲ್ಕು ಪ್ರಶ್ನೆಗಳಲ್ಲಿ ಪತ್ತೆ

ಟರ್ಮಿನಲ್ ತೆರೆದು ಕೆಳಗಿನ ಆಜ್ಞೆಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಇವು ಮಾಹಿತಿ ತೋರಿಸುತ್ತವೆಯೇ ಹೊರತು ಏನನ್ನೂ ಬದಲಿಸುವುದಿಲ್ಲ.

1. ಯಂತ್ರಕ್ಕೆ ಕಾರ್ಡ್ ಕಾಣುತ್ತಿದೆಯೇ? 'ಎಲ್‌ಎಸ್‌ಪಿಸಿಐ' ಎಂಬ ಆಜ್ಞೆ ಒಳಗೆ ಜೋಡಿಸಿರುವ ಸಾಧನಗಳ ಪಟ್ಟಿ ಕೊಡುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು, ತಯಾರಕರ ಹೆಸರು ಇದ್ದರೆ ಕಾರ್ಡಿಗೆ ಜೀವವಿದೆ ಎಂದೇ ಬಹುಮಟ್ಟಿಗೆ ಅರ್ಥ. ಯುಎಸ್‌ಬಿ ಮೂಲಕ ಜೋಡಿಸಿದ ಸಾಧನವಾದರೆ 'ಎಲ್‌ಎಸ್‌ಯುಎಸ್‌ಬಿ' ಬಳಸಿ.

2. ಡ್ರೈವರ್ ಇದೆಯೇ? ಮೊದಲ ಆಜ್ಞೆಯ ನಂತರ ಜಾಗ ಬಿಟ್ಟು, ಒಂದು ಅಡ್ಡಗೆರೆ ಮತ್ತು ಅದಕ್ಕೆ ಅಂಟಿದಂತೆ 'ಕೆ' ಅಕ್ಷರ ಸೇರಿಸಿ. ಆ ಸಾಧನದ ಕೆಳಗೆ 'ಕರ್ನೆಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇಲ್ಲದಿದ್ದರೆ ಡ್ರೈವರ್ ಸಿಕ್ಕಿಲ್ಲ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಹಾಗೆ ಹಾಕಿದ್ದು ಸಹಿ ಇಲ್ಲದ್ದಾದರೆ ಸೆಕ್ಯೂರ್ ಬೂಟ್ ಅದನ್ನು ತಡೆಯಬಹುದು.

3. ಫರ್ಮ್‌ವೇರ್ ಸಿಕ್ಕಿತೇ? 'ಸುಡೊ ಡಿಮೆಸ್ಗ್' ಎಂಬ ಆಜ್ಞೆ (ಎರಡನೆಯ ಪದ ಡಿ, ಎಂ, ಇ, ಎಸ್, ಜಿ) ಕರ್ನೆಲ್‌ನ ದಿನಚರಿಯನ್ನು ತೋರಿಸುತ್ತದೆ. ಅದರಲ್ಲಿ 'ಫರ್ಮ್‌ವೇರ್' ಪದ ಹುಡುಕಿ. ಅದನ್ನು ತುಂಬಲಾಗಲಿಲ್ಲ ಎಂಬ ಸಾಲಿದ್ದರೆ ಬೇಕಾದ ಕಡತದ ಹೆಸರೂ ಅಲ್ಲೇ ಇರುತ್ತದೆ.

4. ಯಾರಾದರೂ ಬೀಗ ಹಾಕಿದ್ದಾರೆಯೇ? 'ಆರ್‌ಎಫ್‌ಕಿಲ್ ಲಿಸ್ಟ್' ಎಂದರೆ ಎರಡು ಬಗೆಯ ಬೀಗ ಕಾಣುತ್ತದೆ. 'ಸಾಫ್ಟ್ ಬ್ಲಾಕ್ಡ್' ತಂತ್ರಾಂಶದ ಬೀಗ, ಉದಾಹರಣೆಗೆ ಏರೋಪ್ಲೇನ್ ಮೋಡ್. 'ಹಾರ್ಡ್ ಬ್ಲಾಕ್ಡ್' ಎಂದಿದ್ದರೆ ಲ್ಯಾಪ್‌ಟಾಪ್‌ನ ಅಂಚಿನಲ್ಲೋ ಕೀಲಿಮಣೆಯಲ್ಲೋ ಇರುವ ವೈ-ಫೈ ಸ್ವಿಚ್ ನೋಡಿ.

ವೈ-ಫೈ ಇಲ್ಲದೆ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ? ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಒತ್ತಿದರೆ ಆಯಿತು. ಆಂಡ್ರಾಯ್ಡ್ ಫೋನಾದರೆ ಹೆಚ್ಚಿನ ಲಿನಕ್ಸ್‌ಗಳಲ್ಲಿ ಇದು ತಾನಾಗಿಯೇ ನಡೆಯುತ್ತದೆ.

ಹಾಗಾದರೆ ನಿಜವಾಗಿ ಕೆಟ್ಟಿದ್ದು ಯಾವಾಗ?

ಮೊದಲ ಪ್ರಶ್ನೆಗೇ ಉತ್ತರ 'ಇಲ್ಲ' ಎಂದಾದರೆ ಅನುಮಾನ ಹಾರ್ಡ್‌ವೇರ್ ಮೇಲೆ. ಆಗಲೂ ಮೂರು ಕೆಲಸ ಬಾಕಿ ಇವೆ. ಬಯಾಸ್‌ನಲ್ಲಿ ವೈರ್‌ಲೆಸ್ ಆಫ್ ಆಗಿದೆಯೇ ನೋಡಿ. ಜೊತೆಯಲ್ಲಿ ವಿಂಡೋಸ್ ಕೂಡ ಇದ್ದರೆ ಅದರ 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಿ. ಅದು ಯಂತ್ರವನ್ನು ಪೂರ್ತಿ ಆರಿಸದ ಕಾರಣ ಕೆಲವೊಮ್ಮೆ ಕಾರ್ಡ್ ಅರ್ಧ ಎಚ್ಚರದಲ್ಲೇ ಉಳಿದುಬಿಡುತ್ತದೆ. ಕೊನೆಗೆ, ಬೇರೊಂದು ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರುಮಾಡಿ. ಅಲ್ಲಿ ವೈ-ಫೈ ಬಂದರೆ ಕಾರ್ಡ್ ಸರಿಯಿದೆ. ಯಾವುದರಲ್ಲೂ ಕಾಣದಿದ್ದರೆ ಕಾರ್ಡ್ ಸಡಿಲವಾಗಿದೆ ಅಥವಾ ಕೆಟ್ಟಿದೆ, ಆಗ ರಿಪೇರಿಗೆ ಕೊಡಿ.

ಟಚ್‌ಪ್ಯಾಡ್, ಕ್ಯಾಮೆರಾ, ಧ್ವನಿಯ ತೊಂದರೆಗಳಿಗೂ ಇದೇ ಕ್ರಮ ಹೊಂದುತ್ತದೆ. ಇಂಟೆಲ್‌ನ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ ಮಾತಾಡಲು 'ಸೌಂಡ್ ಓಪನ್ ಫರ್ಮ್‌ವೇರ್' ಬೇಕು. ಅದಿಲ್ಲದಿದ್ದರೆ ಸ್ಪೀಕರ್ ಹೋಗಿದೆ ಎಂದೇ ಅನಿಸುತ್ತದೆ. ಆದರೆ ಡಿಸ್ಕ್ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಕರ್ನೆಲ್‌ನ ದಿನಚರಿಯಲ್ಲಿ ಡಿಸ್ಕ್ ಓದುವಾಗ 'ಐ/ಓ ಎರರ್' ಎಂದು ಮತ್ತೆ ಮತ್ತೆ ಬಂದರೆ ಮೊದಲು ನಿಮ್ಮ ಕಡತಗಳ ನಕಲು ತೆಗೆದುಕೊಳ್ಳಿ, ಪರೀಕ್ಷೆ ಆಮೇಲೆ.

ಇನ್ನೂ ಲಿನಕ್ಸ್ ಹಾಕಿಲ್ಲವೇ? ಹಾಗಿದ್ದರೆ ಮೊದಲು ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ ವೈ-ಫೈ, ಧ್ವನಿ, ಕ್ಯಾಮೆರಾ ನೋಡಿಕೊಳ್ಳಿ. ಡಿಸ್ಕಿನಲ್ಲಿರುವ ಏನನ್ನೂ ಮುಟ್ಟದೆ, ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಹೊಂದುತ್ತದೆಯೇ ಇಲ್ಲವೇ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.