ಅರಳುಮರಳು ಮತ್ತು ಮಿದುಳಿನ ರಕ್ತನಾಳಗಳು



“ಅರವತ್ತಕ್ಕೆ ಅರಳುಮರಳು” ಎಂಬುದು ನಮ್ಮಲ್ಲಿ ಹಳೆಯ ಗಾದೆ. ಮನೆಯ ಹಿರಿಯರು ಉಂಡದ್ದನ್ನು ಮರೆತು ಪುನಃ ಊಟ ಕೇಳಿದರೆ, ತಮ್ಮದೇ ಹೊಲದ ದಾರಿ ತಪ್ಪಿದರೆ, ಈ ಗಾದೆಯನ್ನು ಹೇಳಿ ನಾವು ಸುಮ್ಮನಾಗುತ್ತೇವೆ. ಕೆಲವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವರು. ಆದರೆ ಇಷ್ಟು ಮರೆವು ವಯಸ್ಸಿನ ಸಹಜ ಗುಣವೂ ಅಲ್ಲ, ಗಾಳಿಯೂ ಅಲ್ಲ. ಅನೇಕ ವೇಳೆ ಅದು ಮಿದುಳಿನ ರೋಗವಾಗಿರುತ್ತದೆ. ಇದರಲ್ಲಿ ರಕ್ತನಾಳಗಳ ಪಾಲೇನೆಂಬುದನ್ನು ಪ್ರತಿಯೊಬ್ಬರೂ ತಿಳಿದಿರುವುದು ಅವಶ್ಯ.

ಕೆರೆಯ ನೀರು ಗದ್ದೆಗೆ ಸರಿಯಾಗಿ ಹರಿಯಬೇಕಾದರೆ ಕಾಲುವೆ ಭದ್ರವಾಗಿರಬೇಕು, ನೀರುಗಂಟಿ ಎಚ್ಚರವಾಗಿರಬೇಕು. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಭಾಗ ಅದೊಂದಕ್ಕೇ ಬೇಕು. ಇದನ್ನು ಒದಗಿಸುವ ರಕ್ತನಾಳಗಳ ಒಳಮೈಗೆ ಒಂದೇ ಪದರದ ಜೀವಕೋಶಗಳ ಹಾಸು ಇದೆ. ಕಾಲುವೆಯ ಗಾರೆಯೂ ಇವೇ, ನೀರುಗಂಟಿಯೂ ಇವೇ. ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ರಕ್ತದಲ್ಲಿನ ಬೇಡದ ವಸ್ತು ಮಿದುಳಿಗೆ ನುಗ್ಗದಂತೆ ತಡೆಯುತ್ತವೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ, ಬೇಕಾದಾಗ ನಾಳವನ್ನು ಅಗಲಿಸುತ್ತವೆ.

ಇನ್ನು ಅಮಿಲಾಯ್ಡ್ ಎಂದರೇನು? ನರಕೋಶಗಳ ಪೊರೆಯಲ್ಲಿರುವ ಒಂದು ದೊಡ್ಡ ಸಸಾರಜನಕ, ಅಂದರೆ ಪ್ರೋಟೀನು, ತುಂಡಾದಾಗ ಬೀಟಾ ಅಮಿಲಾಯ್ಡ್ ಎಂಬ ಚೂರು ಹುಟ್ಟುತ್ತದೆ. ಇದು ಎಲ್ಲರ ಮಿದುಳಿನಲ್ಲಿಯೂ ಉಂಟು. ಆರೋಗ್ಯವಿದ್ದಾಗ ನಾಳದ ಕೋಶಗಳು ಇದನ್ನು ರಕ್ತಕ್ಕೆ ದಾಟಿಸಿ ಹೊರಹಾಕುವುವು. ಸಾಗಣೆ ಕುಂದಿದರೆ ಅದು ಹೂಳಿನಂತೆ ಕೂರುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಜೈಮರ್ ಮರೆವಿನ ರೋಗಿಯೊಬ್ಬರ ಮಿದುಳಿನಲ್ಲಿ ಕಂಡ ವಿಚಿತ್ರ ಗಂಟುಗಳಲ್ಲಿ ಇದ್ದದ್ದು ಇದೇ ವಸ್ತು. ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಎಂಬುವರು 1984ರಲ್ಲಿ ಇದನ್ನು ಮೊದಲಬಾರಿಗೆ ಬೇರ್ಪಡಿಸಿದರು. ಅವರಿಗೆ ಅದು ದೊರೆತದ್ದು ರಕ್ತನಾಳಗಳ ಗೋಡೆಯಿಂದಲೇ ಎಂಬುದು ಗಮನಾರ್ಹ.

ಹಾನಿಯಾಗುವ ಬಗೆ ಹೀಗೆ. ಅಮಿಲಾಯ್ಡ್ ತಾಗಿದ ನಾಳಕೋಶದಲ್ಲಿ ಸೂಪರ್‌ಆಕ್ಸೈಡ್ ಎಂಬ ಉಗ್ರರೂಪದ ಆಮ್ಲಜನಕ ಹೆಚ್ಚುತ್ತದೆ. ಅದು ನೈಟ್ರಿಕ್ ಆಕ್ಸೈಡನ್ನು ನುಂಗಿಹಾಕುವುದರಿಂದ ನಾಳ ಅಗಲಿಸಲಾರದು; ರಕ್ತದ ಹರಿವು ಕಡಿಮೆಯಾಗುತ್ತದೆ. 1996ರಲ್ಲಿ ಇಲಿಯ ದೊಡ್ಡ ರಕ್ತನಾಳದ ಮೇಲೆ ಪ್ರಯೋಗ ಮಾಡಿದವರು ಇದನ್ನು ತೋರಿಸಿದರು. ಸೂಪರ್‌ಆಕ್ಸೈಡನ್ನು ಅಡಗಿಸುವ ಕಿಣ್ವ ಹಾಕಿದಾಗ ಹಾನಿ ತಪ್ಪಿತು. ಮುಂದೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ಕೆಡುತ್ತವೆ, ಬೆಸುಗೆ ಸಡಿಲಗೊಳ್ಳುತ್ತದೆ, ಕೋಶ ಸಾಯಲೂಬಹುದು. ಕೆಟ್ಟ ಕೋಶ ಅಮಿಲಾಯ್ಡನ್ನು ಹೊರಹಾಕಲಾರದ್ದರಿಂದ ಹೂಳು ಇನ್ನೂ ಹೆಚ್ಚುತ್ತದೆ. ಗೋಡೆ ಶಿಥಿಲವಾದ ನಾಳ ಒಡೆದು ವೃದ್ಧರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವುದೂ ಉಂಟು.

ಇದು ದೂರದ ದೇಶದ ಮಾತೆಂದು ತಿಳಿಯಬೇಡಿ. ಫಲಪುಷ್ಪ ಪ್ರದರ್ಶನ ನೋಡಲು ನೀವು ಬೆಂಗಳೂರಿನ ಮಾವಳ್ಳಿಯ ಲಾಲ್‌ಬಾಗಿಗೆ ಬರುವುದುಂಟು. ಅಲ್ಲಿಂದ ಸಮೀಪದಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ಇದೆ. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಅಲ್ಲಿ 1995ರಿಂದ ಸಂಶೋಧನೆಗಾಗಿ ಕಾಯ್ದಿರಿಸುತ್ತಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಕಾರ್ಯ ಕೈಗೊಂಡಿದ್ದಾರೆ. ನಮ್ಮಂಥ ರೈತಾಪಿ ಜನರೇ ಅದರಲ್ಲಿ ಪಾಲುಗೊಂಡಿರುವರು.

ಈ ರೋಗವನ್ನು ಪೂರ್ಣ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಅಮಿಲಾಯ್ಡನ್ನು ತೆಗೆಯುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ದೊರೆಯಿತು. ಅದು ರೋಗದ ವೇಗವನ್ನು ಸ್ವಲ್ಪ ತಗ್ಗಿಸುವುದಷ್ಟೇ. ಕೆಲವರಲ್ಲಿ ಮಿದುಳು ಊದಿಕೊಳ್ಳುವುದು, ರಕ್ತ ಒಸರುವುದು ಕಂಡುಬಂದಿದೆ. ಆದ್ದರಿಂದ ನಾಳಗಳನ್ನು ಮೊದಲೇ ಕಾಪಾಡಿಕೊಳ್ಳುವುದು ಜಾಣತನ. ಈ ಕೆಳಗಿನ ಅಂಶಗಳಿಗೆ ಲಕ್ಷ್ಯ ಕೊಡಿ:

1. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿರಿ. ಮಾತ್ರೆ ಕೊಟ್ಟರೆ ನಡುವೆ ನಿಲ್ಲಿಸಬೇಡಿರಿ.

2. ಬೀಡಿ, ಸಿಗರೇಟು, ಹೆಂಡ ಬಿಡಿರಿ. ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ.

3. ಕಿವಿ ಮಂದವಾದ ಹಿರಿಯರಿಗೆ ಶ್ರವಣಯಂತ್ರ ಕೊಡಿಸಿರಿ. ಜನರೊಡನೆ ಬೆರೆಯಲು ಬಿಡಿರಿ.

4. ಮರೆವು ಕಂಡೊಡನೆ ವೈದ್ಯರಿಗೆ ತೋರಿಸಿರಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಕುಂದುವಿಕೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

5. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ.

ಮರೆತವರನ್ನು ಗದರಿಸಬೇಡಿ, ನಗೆಗೀಡು ಮಾಡಬೇಡಿ. ಅವರು ಬೇಕೆಂದು ಮರೆಯುವುದಿಲ್ಲ. ಕಾಲುವೆ ಕೆಟ್ಟು ಪೈರು ಬಾಡಿದರೆ ಪೈರನ್ನು ಬೈಯುವ ರೈತನಿಲ್ಲ.