ಹಲ್ಲಿಗೆ ತಕ್ಕ ಇಕ್ಕಳ

ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಮುಂದೆ ತೆಂಗಿನಕಾಯಿ ಹಿಡಿದು ಯಾರೂ ಕುಳಿತುಕೊಳ್ಳುವುದಿಲ್ಲ. ಕೆಲಸಕ್ಕೆ ತಕ್ಕ ಹತ್ಯಾರು ಬೇಕೆಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಹಲ್ಲು ಕೀಳುವ ವಿಷಯ ಬಂದಾಗ ಮಾತ್ರ ಒಂದು ಇಕ್ಕಳ, ಒಂದು ಎಳೆತ ಸಾಕೆಂದು ಬಹುಮಂದಿ ತಿಳಿದಿದ್ದಾರೆ.

ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆಯವರ ಮೇಲ್ದವಡೆಯ ಹಲ್ಲನ್ನು ಪೇಟೆಯಲ್ಲೊಬ್ಬರು ಕಿತ್ತರು. ಅವರಲ್ಲಿದ್ದುದು ಒಂದೇ ಇಕ್ಕಳ. ಹಲ್ಲಿನ ತಲೆ ಕೈಗೆ ಬಂತು. ಬೇರು ಒಳಗೇ ಉಳಿಯಿತು. ಕೆನ್ನೆ ಊದಿ, ಗಂಜಿತಿಳಿಯ ಹೊರತು ಬೇರೇನೂ ಇಳಿಯದೆ ತಂದೆಯವರು ಹದಿನೈದು ದಿನ ಮಲಗಿದ್ದರು. ಕಳೆದ ವರ್ಷ ನನ್ನದೇ ಹಲ್ಲು ಕೀಳಿಸುವ ದಿನ ಬಂದಾಗ ಆ ನೆನಪಿಗೆ ಕಾಲು ನಡುಗಿತು. ತಟ್ಟೆಯಲ್ಲಿ ಸಾಲಾಗಿದ್ದ ಇಕ್ಕಳಗಳನ್ನು ಕಂಡು, "ಇಷ್ಟೆಲ್ಲ ಯಾಕೆ ಡಾಕ್ಟ್ರೇ?" ಎಂದೆ. ಅವರು ಮಲಯಾಳದಲ್ಲಿ ತಿಳಿಸಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಇಕ್ಕಳಕ್ಕೆ ಮೂರು ಭಾಗ: ಹಿಡಿ, ಕೀಲು, ಕೊಕ್ಕು. ಕೊಕ್ಕು ಹಿಡಿಯಬೇಕಾದದ್ದು ಹಲ್ಲಿನ ತಲೆಯನ್ನಲ್ಲ, ಒಸಡಿನ ಕೆಳಗೆ ಬೇರು ಶುರುವಾಗುವ ಕುತ್ತಿಗೆಯನ್ನು. ಆದುದರಿಂದ ಬೇರಿನ ಆಕಾರವೇ ಕೊಕ್ಕಿನ ಆಕಾರವನ್ನು ನಿರ್ಣಯಿಸುತ್ತದೆ.

ಮೇಲಿನ ಬಾಚಿಹಲ್ಲಿಗೆ ಒಂದೇ ಬೇರು, ಅದೂ ಶಂಕುವಿನಂತೆ. ಇದಕ್ಕೆ ನೇರವಾದ ಇಕ್ಕಳ ಸಾಕು. ತುಸು ತಿರುಚಿದರೆ ಸಡಿಲವಾಗುತ್ತದೆ. ಮೇಲಿನ ಮೊದಲ ಮುಂದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಸಪೂರ ಬೇರುಗಳು. ಅದನ್ನು ತಿರುಚಿದರೆ ಬೇರು ಮುರಿಯುತ್ತದೆ.

ಮೇಲಿನ ದವಡೆಹಲ್ಲಿಗೆ ಮೂರು ಬೇರುಗಳು: ಕೆನ್ನೆಯ ಕಡೆಗೆ ಎರಡು, ಅಂಗುಳಿನ ಕಡೆಗೆ ಒಂದು. ಕೆನ್ನೆಯ ಕಡೆಯ ಕೊಕ್ಕಿಗೆ ಮಾತ್ರ ಒಂದು ಮೊನೆಯಿದ್ದು, ಅದು ಆ ಎರಡು ಬೇರುಗಳ ನಡುವೆ ಕೂರುತ್ತದೆ. ಹೀಗಾಗಿ ಬಲಕ್ಕೊಂದು, ಎಡಕ್ಕೊಂದು ಇಕ್ಕಳ ಬೇಕು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಆದೀತೇ? ಕೆಳಗಿನ ದವಡೆಹಲ್ಲಿಗಾದರೋ ಹಿಂದೊಂದು ಮುಂದೊಂದು, ಎರಡೇ ಬೇರು. ಎರಡೂ ಕೊಕ್ಕುಗಳಿಗೆ ಮೊನೆಯಿರುವುದರಿಂದ ಒಂದೇ ಇಕ್ಕಳ ಎರಡೂ ಬದಿಗೆ ಸಲ್ಲುತ್ತದೆ. ಇಂಗ್ಲಿಷ್ ಮಾದರಿಯಲ್ಲಿ ಕೆಳದವಡೆಯ ಇಕ್ಕಳದ ಕೊಕ್ಕು ಹಿಡಿಗೆ ಕಾಟಕೋನದಲ್ಲಿ ಬಾಗಿರುತ್ತದೆ. ಮೇಲಿನ ಬುದ್ಧಿಹಲ್ಲು ಬಾಯಿಯ ಕೊನೆಯಲ್ಲಿರುವುದರಿಂದ ಅದರ ಇಕ್ಕಳದ ಕುತ್ತಿಗೆ ಉದ್ದ, ಎರಡು ಕಡೆ ಬಾಗು.

ಮಕ್ಕಳ ಹಾಲುಹಲ್ಲುಗಳು 20. ಅವಕ್ಕೆ ಚಿಕ್ಕ ಇಕ್ಕಳಗಳೇ ಬೇರೆ. ಹಾಲಿನ ದವಡೆಹಲ್ಲಿನ ಬೇರುಗಳ ನಡುವೆ ಶಾಶ್ವತ ಹಲ್ಲಿನ ಮೊಳಕೆ ಬೆಳೆಯುತ್ತಿರುತ್ತದೆ. ಚೂಪು ಕೊಕ್ಕನ್ನು ಅಲ್ಲಿಗೆ ತೂರಿಸಿದರೆ ಮುಂದೆ ಬರಬೇಕಾದ ಹಲ್ಲಿಗೇ ಅಪಾಯ.

ಈ ಜ್ಞಾನ ಬಹಳ ಹಳೆಯದೇನಲ್ಲ. ಹಿಂದೆ ಯುರೋಪಿನಲ್ಲಿ ಬೀಗದ ಕೈಯಂತೆ ತಿರುಗಿಸುವ ಸಲಕರಣೆಯೊಂದಿತ್ತು. ಅದರಿಂದ ಹಲ್ಲು ಮುರಿಯುತ್ತಿತ್ತು, ಕೆಲವೊಮ್ಮೆ ದವಡೆಯ ಎಲುಬೂ ಮುರಿಯುತ್ತಿತ್ತು. 1841ರಲ್ಲಿ ಲಂಡನಿನ ಜಾನ್ ಟೋಮ್ಸ್ ಒಂದೊಂದು ಹಲ್ಲಿನ ಕುತ್ತಿಗೆಗೂ ಹೊಂದುವ ಇಕ್ಕಳಗಳ ವಿವರವನ್ನು ಪ್ರಕಟಿಸಿದರು. ಎವ್ರಾರ್ ಎಂಬ ಸಲಕರಣೆಗಾರರು ಅವನ್ನು ತಯಾರಿಸಿಕೊಟ್ಟರು.

ಇನ್ನೊಂದು ಮಾತು. ನುರಿತ ವೈದ್ಯರು ಹಲ್ಲನ್ನು ಎಳೆಯುವುದಿಲ್ಲ. ಮೊದಲು ಬೇರಿನತ್ತ ಒತ್ತಿ, ಬಳಿಕ ಕೆನ್ನೆಯ ಕಡೆಗೂ ಒಳಗಡೆಗೂ ಮೆಲ್ಲನೆ ಅಲುಗಿಸಿ, ಎಲುಬಿನ ಗೂಡನ್ನು ಅಗಲಿಸುತ್ತಾರೆ. ನನ್ನ ಹಲ್ಲು ಬಂದದ್ದು ಹೀಗೆಯೇ, ಎರಡೂ ಬೇರುಗಳೊಂದಿಗೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಹಲ್ಲನ್ನು ಉಳಿಸಲು ಸಾಧ್ಯವೇ ಎಂದು ಮೊದಲು ಕೇಳಿರಿ. ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮರೆಮಾಚದೆ ಹೇಳಿರಿ. ಮನೆಯ ಇಕ್ಕಳವನ್ನು ಮೊಳೆ ಕೀಳುವುದಕ್ಕೇ ಇಟ್ಟುಕೊಳ್ಳಿರಿ. ಬೇರುಗಳ ಲೆಕ್ಕ ಬಲ್ಲವರ ಮುಂದೆ ಮಾತ್ರ ಬಾಯಿ ತೆರೆಯಿರಿ. ನಮ್ಮ ತಂದೆಯವರಿಗೆ ಇದನ್ನು ಹೇಳುವವರು ಆಗ ಯಾರೂ ಇರಲಿಲ್ಲ.