ಮಲ್ಪೆಯ ಕಲ್ಲುಕಂಬಗಳು

ಮಳೆಗಾಲ ಕಳೆದ ಮೇಲೆ, ರಜೆಯ ದಿನ ಉಡುಪಿಯ ಸಮೀಪದ ಮಲ್ಪೆಯಿಂದ ದೋಣಿಯೇರಿ ಹೊರಟರೆ, ಸುಮಾರು 6 ಕಿಲೋಮೀಟರು ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳು ಎದುರಾಗುವುವು. ತೆಂಗಿನ ನೆರಳು, ಚಿಪ್ಪು ಹಾಸಿದ ತೀರ, ತಂಪಾದ ಕಡಲಗಾಳಿ, ವಿಹಾರಕ್ಕೆ ಇನ್ನೇನು ಬೇಕು? ಆದರೆ ಅಲ್ಲಿ ಒತ್ತೊತ್ತಾಗಿ ನಿಂತ ಕಲ್ಲುಕಂಬಗಳನ್ನು ಗಮನಿಸದೆ ಮರಳಬಾರದು.

ಐದಾರು ಮುಖಗಳುಳ್ಳ ಈ ಕಂಬಗಳನ್ನು ಯಾವ ಶಿಲ್ಪಿಯೂ ಕಡೆದುದಲ್ಲ. ಭೂಗರ್ಭದಿಂದ ಉಕ್ಕಿಬಂದ ಶಿಲಾರಸವು ಹೆಪ್ಪುಗಟ್ಟಿ ಆರುತ್ತ ಸಂಕುಚಿಸಿತು. ಬತ್ತಿದ ಕೆರೆಯ ಕೆಸರು ಬಿರಿಯುವಂತೆ ಅದರ ಮೈ ಬಿರಿಯಿತು. ಬಿರುಕುಗಳು ಆಳಕ್ಕೆ ಇಳಿದಂತೆಲ್ಲ ಶಿಲೆಯು ಕಂಬಕಂಬವಾಗಿ ಸೀಳಿತು.

ಇದು ನಡೆದುದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಒಂದಾಗಿದ್ದ ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ. ಸರಿಸುಮಾರು ಅದೇ ಕಾಲದ ಅಗ್ನಿಶಿಲೆಗಳು ಮಡಗಾಸ್ಕರಿನಲ್ಲಿಯೂ ಇವೆ. ಭೂಖಂಡಗಳು ಅಗಲಿದ ಕಥೆಗೆ ಈ ಕಲ್ಲುಗಳೇ ಸಾಕ್ಷಿ.

ಅಂತಹ ಸಾಕ್ಷಿಯ ಮೈಮೇಲೆ ನಮ್ಮ ಹೆಸರು ಕೆತ್ತಲು ಒಂದು ಮೊಳೆ, ಎರಡು ನಿಮಿಷ ಸಾಕು. ಅಳಿಸಲು ಯಾರಿಂದಲೂ ಆಗದು. ವಿದ್ಯಾರ್ಥಿಮಿತ್ರರೇ, ಅಲ್ಲಿಗೆ ಹೋದಾಗ ಕಂಬಗಳ ಮುಖಗಳನ್ನು ಎಣಿಸಿರಿ, ಬಿರುಕುಗಳ ಜಾಡನ್ನು ಹಿಡಿಯಿರಿ. ಕಲ್ಲನ್ನು ಮಾತ್ರ ಇದ್ದಂತೆಯೇ ಬಿಟ್ಟು ಬನ್ನಿರಿ.